ಇಪ್ಪತ್ತಾರು ಕಲ್ಲು

ಕತ್ತಲಗೆರೆ,
4 ಆಗಸ್ಟ್ 2024

ಶಾಹೀನ್,

ನನ್ನ ಕಾಲು ಎರಡೂ ಕ್ಷೇಮ. ನಿನ್ನವು ಹೇಗಿವೆ?

ಹೋದ ಸೋಮವಾರ ನಾಲೆಗೆ ನೀರು ಬಿಟ್ಟರು. ಬೆಳಗಿನ ಐದೂವರೆಗೆ ನಾನು ದೊಡ್ಡ ತೂಬಿನ ಹತ್ತಿರ, ಸೊನ್ನೆ ಕಲ್ಲಿನ ಪಕ್ಕ ನಿಂತಿದ್ದೆ. ಗೇಟು ಎತ್ತಿದ ಕೂಡಲೇ ನೀರು ಧುಮುಕಿ ಬರುತ್ತದೆ ಅಂತ ನೋಡದವರು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ ಕಣೇ. ಹೊಸ ಸೊಸೆ ಹೊಸ್ತಿಲು ದಾಟುವ ಹಾಗೆ ಬರುತ್ತದೆ. ಮುಂದೊಂದು ನೊರೆಯ ಅಂಚು, ಆ ಅಂಚಿನ ಮೇಲೆ ಒಣ ಎಲೆ, ಬೀಡಿ ತುಂಡು, ಯಾರದೋ ಒಂಟಿ ಚಪ್ಪಲಿ. ಒಮ್ಮೆ ಕಣ್ತುಂಬ ನೋಡಿ, ಬೆನ್ನು ತಿರುಗಿಸಿ, ಏರಿಯ ಮೇಲೆ ಓಡಲು ಶುರು ಮಾಡಿದೆ.

ನೀರುಗಂಟಿ ಅಂದರೆ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವರು ಅಂತಷ್ಟೇ ಜನಕ್ಕೆ ಗೊತ್ತು. ಮೊದಲ ನೀರಿನ ದಿನ ಅದಕ್ಕಿಂತ ಮುಂದೆ ಹೋಗಿ, ಕೊನೆ ತೂಬಿನವರೆಗೆ ಸುದ್ದಿ ಮುಟ್ಟಿಸುವುದೂ ನಮ್ಮದೇ ಕೆಲಸ. ಅಪ್ಪ ಮೂವತ್ತು ವರ್ಷ ನಡೆದುಕೊಂಡು ಹೋಗಿ ಹೇಳಿದ. ಅವನ ಜಾಗಕ್ಕೆ ನಾನು ಬಂದ ಮೇಲೆ ಓಡಿಕೊಂಡು ಹೋಗಿ ಹೇಳುತ್ತೇನೆ. ಇಲಾಖೆಯವರು ವಾಟ್ಸಾಪಿನಲ್ಲಿ ಮೆಸೇಜು ಹಾಕಿಯೇ ಇರುತ್ತಾರೆ. ಆದರೆ ಎಮ್ಮೆಗಳು ವಾಟ್ಸಾಪು ನೋಡುವುದಿಲ್ಲವಲ್ಲ! ಒಣ ನಾಲೆಯೊಳಗೆ ಎಮ್ಮೆ ಕಟ್ಟಿರುತ್ತಾರೆ, ಟ್ರ್ಯಾಕ್ಟರು ನಿಲ್ಲಿಸಿರುತ್ತಾರೆ, ಸ್ಟಂಪು ನೆಟ್ಟು ಕ್ರಿಕೆಟ್ಟೂ ಆಡುತ್ತಿರುತ್ತಾರೆ. "ನೀರ್ ಬಂತು! ಎಮ್ಮೆ ಹೊಡ್ಕಳ್ರೋ, ನೀರ್ ಬಂತು!" ಅಂತ ಕೂಗುತ್ತ ಓಡಿದೆ.

ಹತ್ತನೇ ಕಲ್ಲು ದಾಟಿದ ಮೇಲೆ ಕೂಗುತ್ತಿರುವವಳು ನಾನಲ್ಲ ಅನ್ನಿಸತೊಡಗಿತು. ಮಂಜು ಗದ್ದೆಯ ಮೇಲೇ ಕೂತಿತ್ತು. ಕಾಲು ನೆಲಕ್ಕೆ ತಾಗುವ ಸದ್ದು ನಿಂತುಹೋಗಿ, ಬೆನ್ನ ಹಿಂದೆ ಎಲ್ಲೋ ದೂರದಲ್ಲಿ ನೀರು ಬರುತ್ತಿರುವುದು ಮಾತ್ರ ಗೊತ್ತಾಗುತ್ತಿತ್ತು. ಕೇಳಿಸುವುದಿಲ್ಲ, ಆದರೂ ಗೊತ್ತಾಗುತ್ತದೆ. ಇಪ್ಪತ್ತಾರನೇ ಕಲ್ಲು ಮುಟ್ಟಿದಾಗ ಹತ್ತೂಕಾಲು. ಅಲ್ಲಿ ಹೊಂಗೆಮರದ ಕೆಳಗೆ ಕಾಲು ಚಾಚಿ ಕೂತೆ, ಯಾವಾಗಲೋ ನಿದ್ದೆ ಹತ್ತಿತು. ಎಚ್ಚರವಾದಾಗ ಸಂಜೆ ಬಿಸಿಲು. ನಾಲೆಯೊಳಗೆ ಇಳಿದು ನಿಂತುಕೊಂಡೆ. ಬಂತು ನೋಡು, ಮೆಲ್ಲಗೆ, ಅದೇ ಒಂಟಿ ಚಪ್ಪಲಿ ಹೊತ್ತುಕೊಂಡು. ಬಂದು ನನ್ನ ಹೆಬ್ಬೆರಳು ಮುಟ್ಟಿತು. "ಈಗ ಬಂದ್ಯಾ?" ಅಂದೆ. ಅಳು ಬಂತು, ಯಾಕೆ ಅಂತ ಕೇಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಡಿಸೆಂಬರ್ ಎಂಟಕ್ಕೆ ಹೊನ್ನಾಳಿಯಲ್ಲಿ ಹೊಳೆ ದಂಡೆಯ ಓಟ ಇದೆ. ಹತ್ತು, ಇಪ್ಪತ್ತೊಂದು, ನಲವತ್ತೆರಡು ಕಿಲೋಮೀಟರು. ನನಗೆ ನಲವತ್ತೆರಡು ಓಡಬೇಕು. ಮೂವತ್ತಾರು ವರ್ಷ ಆಯಿತು ಶಾಹೀನ್, ಇಷ್ಟು ದಿನ ಏನೋ ಬರುತ್ತಿದೆ ಅಂತ ಬೇರೆಯವರಿಗೆ ಹೇಳಲು ಓಡಿದ್ದೇನೆ. ಒಂದು ಸಲ ಏನನ್ನೂ ಕೂಗದೆ ಓಡಬೇಕು. ಆದರೆ ನನ್ನ ನಾಲೆ ಇಪ್ಪತ್ತಾರಕ್ಕೇ ಮುಗಿದುಹೋಗುತ್ತದೆ. ಮೇಲಿನ ಹದಿನಾರಕ್ಕೆ ಉಸಿರು ಎಲ್ಲಿಂದ ತರಲಿ?

ನ್ಯಾಮತಿಯಲ್ಲಿ ಪ್ರವೀಣ್ ಕುಮಾರ್ ಅಂತ ಒಬ್ಬರು ಕೋಚ್ ಇದ್ದಾರೆ. ಮಿಲಿಟರಿಯಿಂದ ನಿವೃತ್ತರಾಗಿ ಬಂದು ದೂರದ ಓಟ ಕಲಿಸುತ್ತಾರಂತೆ. ಇಟ್ಟುಕೊಳ್ಳಲಾ, ಬೇಡವಾ? ನಲವತ್ತೆರಡಕ್ಕೆ ಹೆಸರು ಕೊಡಲು ಅಕ್ಟೋಬರ್ ಮೂವತ್ತೊಂದು ಕೊನೆ. ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಿಮ್ಮ ಮನೆ ಫೋನು ಯಾವಾಗಲೂ ಸ್ಪೀಕರಿನಲ್ಲಿ. ನಿನಗಿಂತ ಮೊದಲು ನಿಮ್ಮ ಅತ್ತೆ ತಾಜ್‌ಬೀಯವರೇ ಉತ್ತರ ಹೇಳಿಬಿಡುತ್ತಾರೆ. ನನಗೆ ನಿನ್ನ ಉತ್ತರ ಬೇಕು.

ಯಶೋಧರಾ


ಜಗಳೂರು,
15 ಆಗಸ್ಟ್ 2024

ಯಶೋ,

ಕಾಲು ನೆಟ್ಟಗಿವೆ. ಹೊಲಿಗೆ ಮಿಷನ್ನು ತುಳಿದು ತುಳಿದು ಮೀನಖಂಡ ಮಾತ್ರ ಕಲ್ಲಾಗಿದೆ.

ಕೋಚ್ ಅಂತೆ ಕೋಚ್! ಮೀನು ಈಜು ಕಲಿಯಲು ಪಗಾರ ಕೊಟ್ಟು ಮೇಷ್ಟ್ರನ್ನು ಇಟ್ಟುಕೊಂಡಿತಂತೆ. ಅವರು ಏನು ಹೇಳುತ್ತಾರೆ ನಾನೇ ಹೇಳುತ್ತೇನೆ ಕೇಳು: ಬಾಳೆಹಣ್ಣು ತಿನ್ನಿ, ದುಬಾರಿ ಬೂಟು ಕೊಳ್ಳಿ, ಬೇಗ ಮಲಗಿ. ಇಷ್ಟಕ್ಕೆ ಕತ್ತಲಗೆರೆಯಿಂದ ಎರಡು ಬಸ್ಸು ಹತ್ತಿ ನ್ಯಾಮತಿಗೆ ಹೋಗಬೇಕಾ? ಬೇಡ. ನೀನು ಓಡುವ ಚಂದವೇ ಯಾರೂ ಕಲಿಸದೆ ಬಂದದ್ದು. ಅದನ್ನು ಯಾರಾದರೂ ಬಿಚ್ಚಿ ಹೊಲಿದರೆ ಮತ್ತೆ ಮೊದಲಿನ ಹಾಗೆ ಕೂರುವುದಿಲ್ಲ. ಹೊಲಿಗೆಯವಳ ಮಾತು ನಂಬು.

ಚನ್ನಗಿರಿಯ ಹೈಸ್ಕೂಲಿನಲ್ಲಿ ನಿನಗೆ ಯಾರು ಕೋಚ್ ಇದ್ದರು? ಬೈಲಪ್ಪ ಮೇಷ್ಟ್ರು ಸೀಟಿ ಊದಿ ಬೇವಿನಮರದ ಕೆಳಗೆ ಹೋಗಿ ಕೂರುತ್ತಿದ್ದರು. ನಿನ್ನ ಹಿಂದೆ ಓಡುತ್ತ "ಒಂದ್, ಎರಡ್, ಮೂರ್, ನಾಕ್" ಅಂತ ಹೆಜ್ಜೆ ಎಣಿಸುತ್ತಿದ್ದವಳು ನಾನು. ಈಗ ಅದನ್ನು ನೆನಪಿಸಬಾರದಿತ್ತೇನೋ. ಬರೆದಾಯಿತು, ಹೊಡೆದುಹಾಕುವುದಿಲ್ಲ.

ನಿನ್ನ ಪತ್ರ ಓದುವಾಗ ನಮ್ಮ ಅಬ್ಬಾ ಎದುರಿಗೇ ಬಂದು ನಿಂತ ಹಾಗಾಯಿತು. ಚಾಂದ್ ಸಾಬಿ ಅಂದರೆ ನಾಲೆ ಏರಿಯವರಿಗೆಲ್ಲ ಗೊತ್ತಿತ್ತಲ್ಲ. ವರ್ಷಕ್ಕೊಮ್ಮೆ ಆ ಕಲ್ಲುಗಳಿಗೆ ಸುಣ್ಣ ಬಳಿದು, ಕರಿ ಬಣ್ಣದಲ್ಲಿ ನಂಬರು ತಿದ್ದುತ್ತಿದ್ದರು. ಡಬ್ಬಿ ಹಿಡಿಯಲು ನಾನು ಹೋಗುತ್ತಿದ್ದೆ. ಅವರು ಬರೆದ ಆರಕ್ಕೆ ಬಾಲ ಉದ್ದ ಇರುತ್ತಿತ್ತು. ಇಪ್ಪತ್ತಾರನೇ ಕಲ್ಲಿನಲ್ಲಿ ಈಗಲೂ ಹಾಗೇ ಇದೆಯಾ, ನೋಡಿ ಬರೆ.

ಇಲ್ಲಿ ನಾಲೆ ಇಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳಿವೆ. ಬೆಳಿಗ್ಗೆ ಅವುಗಳ ರೆಕ್ಕೆಯ ನೆರಳು ದಾರಿಯ ಮೇಲೆ ಒಂದಾದ ಮೇಲೆ ಒಂದು ಹಾಯುತ್ತವೆ. ಒಂದು ನೆರಳು ಮೈಮೇಲೆ ಹಾದುಹೋಗಿ ಇನ್ನೊಂದು ಬರುವಷ್ಟರಲ್ಲಿ ನಾಲ್ಕು ಹೆಜ್ಜೆ. ಸುಮ್ಮನೆ ಹೇಳಿದೆ.

ಶಾಹೀನ್


ಕತ್ತಲಗೆರೆ,
8 ಸೆಪ್ಟೆಂಬರ್ 2024

ಶಾಹೀನ್,

ಬೈಯಬೇಡ. ನಿನ್ನನ್ನು ಕೇಳುವ ಮೊದಲೇ ನಾನು ಪ್ರವೀಣ್ ಸರ್ ಹತ್ತಿರ ಸೇರಿಬಿಟ್ಟಿದ್ದೆ. ನೀನು "ಇಟ್ಟುಕೋ" ಅಂತ ಬರೆಯುತ್ತೀಯ, ಆಗ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ. ನೀನು ಬೇಡ ಅಂದೆ. ಮೂರು ವಾರ ನಿನಗೆ ಬರೆಯಲು ಮುಖ ಇರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಭಾನುವಾರ ಹೋಗುತ್ತೇನೆ. ಹೊನ್ನಾಳಿಯಲ್ಲಿ ಬಸ್ಸು ಬದಲಾಯಿಸುವಾಗ ಸೇತುವೆಯ ಮೇಲೆ ಐದು ನಿಮಿಷ ನಿಂತು ಹೊಳೆ ನೋಡುತ್ತೇನೆ. ನಾಲೆಯಲ್ಲಿ ಅಳತೆ ಹಾಕಿ ಬಿಟ್ಟ ನೀರನ್ನೇ ನೋಡಿದ ಕಣ್ಣಿಗೆ ಅದು ನೀರು ಅಂತಲೇ ಅನ್ನಿಸುವುದಿಲ್ಲ, ಯಾವುದೋ ಊರು ನಿದ್ದೆಗಣ್ಣಲ್ಲಿ ಎದ್ದು ಹೋಗುತ್ತಿದೆ ಅನ್ನಿಸುತ್ತದೆ. ಡಿಸೆಂಬರಿನಲ್ಲಿ ಅದೇ ಸೇತುವೆಯ ಮೇಲೆ ಓಡಬೇಕು.

ಸರ್ ಒಳ್ಳೆಯವರು. ಮೊದಲನೇ ದಿನವೇ ನನ್ನ ಕಾಲು ನೋಡಿ, "ಏನ್ರೀ ಅಕ್ಕಾ, ಚಪ್ಪಲ್ಯಾಗೆ ಓಡ್ತೀರಾ?" ಅಂತ ಗಾಬರಿಯಾದರು. ಇಲ್ಲ, ಬರಿಗಾಲಲ್ಲಿ ಅಂದೆ. ಮೈದಾನದಲ್ಲಿ ನಾಲ್ಕು ಸುತ್ತು ಓಡಿಸಿ ತಲೆದೂಗಿದರು. ಆಮೇಲೆ ಒಂದು ಫಾರ್ಮು ಕೊಟ್ಟರು. ಹತ್ತು ಕಿಲೋಮೀಟರಿಗೆ ಎಷ್ಟು ಹೊತ್ತು ಬೇಕು ಅಂತ ಊರಿನಲ್ಲಿ ಅಳೆದುಕೊಂಡು ಓಡಿ ಬರೆದು ತನ್ನಿ ಅಂದರು. ಮೊಬೈಲು ಕಟ್ಟಿಕೊಂಡು ಓಡಿದರೆ ಅದೇ ಹೇಳುತ್ತದಂತೆ. ನನ್ನದು ಬಟನ್ ಫೋನು, ಸ್ಮಾರ್ಟ್ ಫೋನು ನನ್ನ ಗಂಡ ಪರಮೇಶ್ ಜೊತೆ ಹಾಲಿನ ವ್ಯಾನಿನಲ್ಲಿ ಊರೂರು ತಿರುಗುತ್ತದೆ. ಅಳತೆಗೆ ನನಗೆ ಮೊಬೈಲು ಯಾಕೆ? ಏರಿ ಮೇಲೆ ಕಲ್ಲುಗಳಿಲ್ಲವಾ?

ಅಂದ ಹಾಗೆ, ಆರರ ಬಾಲ ಹಾಗೇ ಇದೆ. ನಾನು ಸುಸ್ತಾಗಿ ಆ ಕಲ್ಲಿಗೆ ಒರಗಿದಾಗಲೆಲ್ಲ ಆ ಬಾಲ ಬೆನ್ನಿಗೆ ತಾಗುತ್ತದೆ.

ಸಿಟ್ಟಾದರೂ ಸರಿ, ಬರೆ.

ಯಶೋಧರಾ


ಜಗಳೂರು,
22 ಸೆಪ್ಟೆಂಬರ್ 2024

ಯಶೋ,

ಸಿಟ್ಟೇನಿಲ್ಲ. ಮದುವೆ ಆದ ಮೇಲೆ ಹುಡುಗ ಹೇಗಿದ್ದಾನೆ ಅಂತ ಕೇಳಿದೆ, ಅಷ್ಟೇ ತಾನೇ. ಅಕ್ಷತೆ ಇಲ್ಲಿಂದಲೇ ಹಾಕಿದ್ದೇನೆ.

ನಿಮ್ಮ ಸರ್ ನಿನ್ನ ಹಿಂದೆ ಓಡುತ್ತಾರಾ, ಕುರ್ಚಿ ಹಾಕಿಕೊಂಡು ಕೂರುತ್ತಾರಾ? ಎಣಿಸುತ್ತಾರಾ? ಎಣಿಸಿದರೆ ಕನ್ನಡದಲ್ಲಾ, ಇಂಗ್ಲಿಷಿನಲ್ಲಾ? ಬರೆಯದಿದ್ದರೂ ನಡೆಯುತ್ತದೆ.

ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆ. ಜೊತೆಗೆ ನನಗೂ ಬರಬಾರದು ಅಂತ ಬೆಳಿಗ್ಗೆ ಗಾಳಿಯಂತ್ರದ ದಾರಿಯಲ್ಲಿ ಒಂದಷ್ಟು ನಡೆದು ಬರುತ್ತೇನೆ. ಮೊನ್ನೆ ಕುರುಚಲು ಕಾಡಿನ ಅಂಚಿನಲ್ಲಿ ಕೊಂಡುಕುರಿ ನಿಂತಿತ್ತು. ನಾಲ್ಕು ಕೊಂಬಿನ ಜಿಂಕೆ ಕಣೇ, ನಮ್ಮ ಈ ಕಡೆ ಇದೆ ಅಂತ ಕೇಳಿದ್ದೆ, ಕಂಡದ್ದು ಇದೇ ಮೊದಲು. ನಾನೂ ನಿಂತೆ. ಅದು ನನ್ನನ್ನು ಪೂರ್ತಿ ನೋಡಿ ಮುಗಿಸಿ, ನಿಧಾನವಾಗಿ ಒಳಗೆ ಹೋಯಿತು. ಯಾರಿಗೂ ಹೇಳಿಲ್ಲ. ಹೇಳಿದರೆ ಅಷ್ಟು ದೂರ ಯಾಕೆ ಹೋಗಿದ್ದೆ ಅಂತ ಕೇಳುತ್ತಾರೆ.

ಹಬ್ಬದ ಹೊಲಿಗೆ ರಾಶಿ ಬಿದ್ದಿದೆ. ಬರಲಾ.

ಶಾಹೀನ್


ಕತ್ತಲಗೆರೆ,
13 ಅಕ್ಟೋಬರ್ 2024

ಶಾಹೀನ್,

ಇವತ್ತು ಕಾಲಿನ ಸುದ್ದಿ ಕೇಳಬೇಡ. ನ್ಯಾಮತಿಯಿಂದ ಈಗ ತಾನೇ ಬಂದು, ಮುಖ ಕೂಡ ತೊಳೆಯದೆ ಬರೆಯುತ್ತಿದ್ದೇನೆ.

ಎಂಟನೇ ಕಲ್ಲಿನಿಂದ ಹದಿನೆಂಟನೇ ಕಲ್ಲಿಗೆ ಎಂಬತ್ತೆಂಟು ನಿಮಿಷದಲ್ಲಿ ಓಡಿದೆ. ಮೂರು ಸಲ ಓಡಿದರೂ ಅಷ್ಟೇ ಬಂತು. ಅದನ್ನೇ ಫಾರ್ಮಿನಲ್ಲಿ ಹತ್ತು ಕಿಲೋಮೀಟರಿಗೆ ಅಂತ ಬರೆದು ಕೊಟ್ಟೆ. ಸರ್ ತುಂಬ ಹೊತ್ತು ಲೆಕ್ಕ ಹಾಕಿದರು. ಕಿಲೋಮೀಟರಿಗೆ ಒಂಬತ್ತು ನಿಮಿಷದ ಹತ್ತಿರ ಆಗುತ್ತದೆ, ಈ ಲೆಕ್ಕದಲ್ಲಿ ನಲವತ್ತೆರಡಕ್ಕೆ ಆರು ಗಂಟೆ ದಾಟುತ್ತದೆ, ಹೊನ್ನಾಳಿಯಲ್ಲಿ ಆರು ಗಂಟೆಗೆ ಓಟ ಮುಗಿಸಿಬಿಡುತ್ತಾರೆ ಅಂದರು. "ಮೈದಾನದಾಗೆ ಚೆನ್ನಾಗೇ ಓಡ್ತೀರಿ ಅಕ್ಕಾ. ದೂರ ಹೋದಂಗೆ ಸೋಲ್ತೀರಿ. ದಮ್ಮು ಕಡಿಮೆ ಐತೆ. ಈ ಸಲ ಹತ್ತಕ್ಕೆ ಹೆಸರು ಕೊಡಾನ. ಎರಡು ವರ್ಷ ಬಿಟ್ಟು ದೊಡ್ಡದು ನೋಡಾನ."

ನಾನು ಸುಮ್ಮನಿರಲಾಗದೆ ಮೊದಲ ನೀರಿನ ದಿನದ ಓಟ ಹೇಳಿದೆ. ಇಪ್ಪತ್ತಾರು, ನಾಲ್ಕೂಮುಕ್ಕಾಲು ಗಂಟೆಯಲ್ಲಿ. ಅವರು ನನ್ನ ಮುಖ ನೋಡಿ ಮೆಲ್ಲಗೆ, "ಅದು ಓಟ ಅಲ್ಲ ಅಕ್ಕಾ. ಅದು ಜೋರು ನಡಿಗೆ" ಅಂದರು. ಕೆಟ್ಟದಾಗಿ ಹೇಳಲಿಲ್ಲ. ಅದಕ್ಕೇ ಜಾಸ್ತಿ ನೋವಾಯಿತು.

ಹಾಗಾದರೆ ಆ ಮಂಜಿನಲ್ಲಿ ನಾನು ಓಡಲೇ ಇಲ್ಲವಾ? ಕಾಲಿನ ಸದ್ದು ನಿಂತುಹೋದದ್ದು, ಗದ್ದೆಗಳು ಹಿಂದಕ್ಕೆ ಜಾರಿಕೊಂಡು ಹೋದದ್ದು, ಬೆಳ್ಳಕ್ಕಿಗಳು ಒಂದಷ್ಟು ದೂರ ಜೊತೆಗೆ ಹಾರಿದ್ದು, ಎಲ್ಲ ಹೊಂಗೆಮರದ ಕೆಳಗೆ ಮಲಗಿದಾಗ ಬಿದ್ದ ಕನಸಾ? ಇಷ್ಟು ವರ್ಷ ನಾನು ನಡೆಯುತ್ತ ನಡೆಯುತ್ತ, ಓಡುತ್ತಿದ್ದೇನೆ ಅಂತ ಕನಸು ಕಂಡೆನಾ?

ನೀನು ನನ್ನ ಓಟವನ್ನು ಹಿಂದಿನಿಂದ ನೋಡಿದವಳು. ನಿನ್ನ ಹಾಗೆ ನೋಡಿದವರು ಇನ್ನೊಬ್ಬರಿಲ್ಲ. ಮುಲಾಜಿಲ್ಲದೆ ಹೇಳು, ನಾನು ಅಷ್ಟು ನಿಧಾನವಾ? ನೀನು ಹೌದು ಅಂದರೆ ಹತ್ತಕ್ಕೇ ಹೆಸರು ಕೊಡುತ್ತೇನೆ. ಇನ್ನು ಹದಿನೆಂಟು ದಿನ ಇದೆ, ಕಾಯುತ್ತೇನೆ.

ಯಶೋಧರಾ


ಜಗಳೂರು,
24 ಅಕ್ಟೋಬರ್ 2024

ಯಶೋ,

ದೀಪಾವಳಿ ಬ್ಲೌಸುಗಳು, ತಲೆ ಎತ್ತಲು ಪುರುಸೊತ್ತಿಲ್ಲ. ಅದಕ್ಕೇ ತಡವಾಯಿತು.

ನೀನು ನಿಧಾನ ಅಂತ ನಾನು ಹೇಳುವುದಿಲ್ಲ. ಆದರೆ ಕೋಚ್ ಆದವರು ತಿಳಿದೇ ಹೇಳಿರುತ್ತಾರೆ. ಹತ್ತೂ ಚಿಕ್ಕದೇನಲ್ಲ. ಹತ್ತಕ್ಕೇ ಹೆಸರು ಕೊಡು. ಅದರಲ್ಲಿ ಜನ ಜಾಸ್ತಿ ಇರುತ್ತಾರೆ, ಜೊತೆ ಸಿಗುತ್ತದೆ. ಒಬ್ಬಳೇ ಅಷ್ಟು ದೂರ ಹೋಗಿ ಮಾಡುವುದೇನಿದೆ?

ದೀಪಾವಳಿಗೆ ಹೋಳಿಗೆ ಮಾಡಿದರೆ ನನ್ನ ಪಾಲಿನದು ನಿಮ್ಮ ಅಪ್ಪನಿಗೆ ಕೊಡು.

ಶಾಹೀನ್


ಜಗಳೂರು,
17 ನವೆಂಬರ್ 2024

ಯಶೋ,

ನಿನ್ನಿಂದ ಪತ್ರ ಬಂದಿಲ್ಲ. ಬರಬೇಕಾದದ್ದೂ ಇಲ್ಲ, ಬರೆಯಬೇಕಾದವಳು ನಾನು. ಮೂರು ಸಲ ಬರೆದು ಹರಿದೆ. ಇದನ್ನು ಅಂಚೆ ಡಬ್ಬಿಗೆ ಹಾಕಿಯೇ ಉಸಿರು ಬಿಡುತ್ತೇನೆ.

ನಾಲೆಯ ಕಲ್ಲು ಕಿಲೋಮೀಟರಿನ ಕಲ್ಲಲ್ಲ. ಮೈಲಿಕಲ್ಲು.

ಆ ನಾಲೆ ತೋಡಿದ ಕಾಲದಲ್ಲಿ ಎಲ್ಲ ಮೈಲಿಯಲ್ಲೇ ಇತ್ತು. ಅಬ್ಬಾ ಸುಣ್ಣ ಬಳಿಯುವಾಗ ಪ್ರತಿ ಸಲ ಹೇಳುತ್ತಿದ್ದರು: "ಸರ್ಕಾರ ಕಿಲೋಮೀಟರಿಗೆ ಹೋಯ್ತು ಬೇಟಾ, ರೋಡಿನ ಕಲ್ಲೆಲ್ಲ ಕಿತ್ತು ಹಾಕಿದ್ರು. ನಾಲೆ ಕಲ್ಲು ಕೀಳಾಕೆ ಯಾರೂ ಬರ್ಲಿಲ್ಲ. ಇವು ಇನ್ನೂ ಮೈಲೇ." ನಿಮ್ಮೂರಿನಲ್ಲಿ ಎಲ್ಲರೂ ಕಲ್ಲು ಕಲ್ಲು ಅಂತಲೇ ಅನ್ನುತ್ತಾರೆ. ನೀನು ರೋಡಿನ ಕಲ್ಲಿನ ಲೆಕ್ಕ ಹಿಡಿದೆ.

ನಿನ್ನ ಅಕ್ಟೋಬರಿನ ಪತ್ರ ಮಿಷನ್ನಿನ ಮುಂದೆ ಕೂತೇ ಓದಿದೆ. ಬಟ್ಟೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಲೆಕ್ಕ ಮಾಡಿದೆ. ಹತ್ತು ಕಲ್ಲು ಅಂದರೆ ಹದಿನಾರು ಕಿಲೋಮೀಟರು. ಎಂಬತ್ತೆಂಟು ನಿಮಿಷದಲ್ಲಿ ನೀನು ಓಡಿದ್ದು ಹದಿನಾರು. ಆಮೇಲೆ ಟ್ರಂಕಿನಿಂದ ಆಗಸ್ಟಿನ ಪತ್ರ ತೆಗೆದೆ. ಇಪ್ಪತ್ತಾರು ಕಲ್ಲು. ಯಶೋ, ಇಪ್ಪತ್ತಾರು ಮೈಲಿ ಅಂದರೆ ನಲವತ್ತೆರಡು ಕಿಲೋಮೀಟರಿಗೆ ಇನ್ನೂರು ಗಜವೂ ಕಡಿಮೆ ಇಲ್ಲ. ಅಷ್ಟನ್ನು ನೀನು ಎಮ್ಮೆ ಅಟ್ಟುವಾಗಲೇ ಓಡಿರುತ್ತೀಯ. ನಿನಗೆ ಬೇಕಾಗಿದ್ದ ನಲವತ್ತೆರಡನ್ನು ಜುಲೈಯಲ್ಲೇ ಬರಿಗಾಲಲ್ಲಿ, ಗಂಟಲು ಹರಿಯುವ ಹಾಗೆ ಕೂಗಿಕೊಂಡು ಓಡಿ ಮುಗಿಸಿ, ಮರದ ಕೆಳಗೆ ಮಲಗಿದ್ದೀಯ. ಕನಸಲ್ಲ ಕಣೇ ಅದು.

ಇದು ನನಗೆ ಹೆಸರು ಕೊಡುವ ಕೊನೇ ದಿನಕ್ಕೆ ಎರಡು ವಾರ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹತ್ತಕ್ಕೇ ಹೆಸರು ಕೊಡು ಅಂತ ಬರೆದೆ.

ಯಾಕೆ ಅಂತ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆಯ ನಡಿಗೆ ಅಂದದ್ದು ಸುಳ್ಳು. ಜೂನಿನಿಂದ ನಾನೂ ಓಡುತ್ತಿದ್ದೇನೆ. ರೆಕ್ಕೆಯ ನೆರಳು ಎಣಿಸುತ್ತ ಮೊದಲು ಎರಡು, ಆಮೇಲೆ ಐದು, ಈಗ ಒಂಬತ್ತು ಕಿಲೋಮೀಟರು. ಹೊನ್ನಾಳಿಯ ಹತ್ತಕ್ಕೆ ಸೆಪ್ಟೆಂಬರಿನಲ್ಲೇ ಮಗ ಮುಬೀನ್ ಕೈಯಲ್ಲಿ ಫೋನಿನಲ್ಲಿ ಹೆಸರು ಹಾಕಿಸಿದ್ದೆ. ನಿನಗೆ ಹೇಳದೆ ಬಂದು ಪಕ್ಕ ನಿಲ್ಲೋಣ ಅಂತ ಆಸೆ. ನೀನೋ ನಲವತ್ತೆರಡು ಅನ್ನುತ್ತಿದ್ದೆ, ಜೊತೆಗೆ ಕೋಚ್ ಬೇರೆ. ದಾವಣಗೆರೆಯ ಜಿಲ್ಲಾ ಓಟ ನೆನಪಿದೆಯಾ? ನಾನು ಹಿಂದೆ ಬಿದ್ದೆ. ನನ್ನ ಎಣಿಕೆ ನಿನಗೆ ಕೇಳಿಸದಷ್ಟು ದೂರ ನೀನು ಹೋದೆ. ಒಂದು ಸಲವೂ ತಿರುಗಿ ನೋಡಲಿಲ್ಲ. ಇಪ್ಪತ್ತೊಂದು ವರ್ಷ ಆಯಿತು, ಅದು ಇನ್ನೂ ಚುಚ್ಚುತ್ತದೆ. ಕೋಚ್ ನಿನ್ನನ್ನು ಹತ್ತಕ್ಕೆ ಇಳಿಸಿದಾಗ ನನಗೆ ಖುಷಿಯಾಯಿತು. ಹೊಟ್ಟೆಕಿಚ್ಚು ಅನ್ನು, ಏನಾದರೂ ಅನ್ನು. ಖುಷಿಯಾದದ್ದು ನಿಜ.

ನಾನು ಹೊನ್ನಾಳಿಗೆ ಬರುವುದಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ? ಜೊತೆಗೆ ನನ್ನ ಅಳತೆ ಟೇಪು ಇಟ್ಟಿದ್ದೇನೆ. ನನ್ನ ಮಾತು ಇನ್ನು ನಂಬುವುದಿಲ್ಲ ಅಂದರೆ ಕಲ್ಲಿಂದ ಕಲ್ಲಿಗೆ ನೀನೇ ಅಳೆದು ನೋಡು.

ಶಾಹೀನ್


ಕತ್ತಲಗೆರೆ,
12 ಡಿಸೆಂಬರ್ 2024

ಶಾಹೀನ್,

ನಿನ್ನ ಪತ್ರ ಓದಿ ಟೇಪನ್ನು ನಾಲೆಗೆ ಎಸೆಯಲು ಹೋಗಿದ್ದೆ. ನೀರು ನಿಂತಿತ್ತು, ಕೆಸರಿನಲ್ಲಿ ಬಿದ್ದರೆ ನಾನೇ ಇಳಿದು ತರಬೇಕು ಅಂತ ಬಿಟ್ಟೆ.

ಪ್ರವೀಣ್ ಸರ್‌ಗೆ ಫೋನು ಮಾಡಿದೆ. ಮಾರನೇ ದಿನವೇ ಬೈಕಿನಲ್ಲಿ ಬಂದರು. ತ್ಯಾವಣಿಗೆ ಕಡೆಯ ಏರಿಯ ಮೇಲೆ ಎಂಟನೇ ಕಲ್ಲಿನಿಂದ ಹೊರಟೆವು. ಮೀಟರು ಒಂದು ತೋರಿಸಿತು, ಕಲ್ಲಿಲ್ಲ. ಒಂದೂವರೆ ತೋರಿಸಿತು, ಇಲ್ಲ. ಒಂಬತ್ತನೇ ಕಲ್ಲು ಬಂದಾಗ ಒಂದು ಪಾಯಿಂಟ್ ಆರು. ಬೈಕು ಆರಿಸಿ, ಇಳಿದು, ಆ ಕಲ್ಲಿನ ಮೇಲೆ ಕೈಯಿಟ್ಟು ನಿಂತರು. "ದಮ್ಮು ಇಲ್ಲ ಅಂದಿದ್ದೆನಲ್ಲ ಅಕ್ಕಾ, ಕ್ಷಮಿಸ್ರಿ. ನಾನು ಒಂದ್ಸಲ ಬಂದು ಈ ಕಲ್ಲು ನೋಡಬೇಕಿತ್ತು" ಅಂದರು. ಅಲ್ಲಿಂದಲೇ ಓಟದವರಿಗೆ ಫೋನು ಹಚ್ಚಿ ಬೇಡಿಕೊಂಡರು. ನಲವತ್ತೆರಡರ ಪಟ್ಟಿ ಮುಗಿದಿತ್ತು.

ಮನೆಗೆ ಬಂದು ಅಪ್ಪನನ್ನು ಕೇಳಿದೆ. "ಹೂಂ, ಮೈಲಿ. ಅದ್ರಾಗೆ ಏನೈತೆ? ನೀನು ಯಾವತ್ತು ಕೇಳಿದ್ದೆ?" ಅಂದ. ಮೂವತ್ತು ವರ್ಷ ಅದರ ಮೇಲೆ ನಡೆದವನಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸಿಲ್ಲ.

ಹತ್ತು ಓಡಿದೆ. ಐವತ್ತೊಂದು ನಿಮಿಷ. ಮೈ ಬಿಸಿಯಾಗುವ ಮೊದಲೇ ಮುಗಿದುಹೋಯಿತು. ಮೂರನೇ ಬಹುಮಾನ ಅಂತ ಒಂದು ಪದಕ ಹಾಕಿದರು. ಹಾಕಿಕೊಂಡು ಸೇತುವೆಯ ಮೇಲೆ ಹೋಗಿ ನಿಂತೆ. ನಲವತ್ತೆರಡರವರು ಒಬ್ಬೊಬ್ಬರೇ ಬರುತ್ತಿದ್ದರು. ಕೆಳಗೆ ಹೊಳೆ, ಮೇಲೆ ಅವರು, ಎರಡೂ ಒಂದೇ ನಿಧಾನದಲ್ಲಿ ಹರಿಯುತ್ತಿದ್ದವು. ಕೊನೆಯವರು ದಾಟುವವರೆಗೆ ನಿಂತಿದ್ದೆ. ಆ ಸಾಲಿನಲ್ಲಿ ನನ್ನ ಜಾಗವೊಂದು ಖಾಲಿಯಾಗಿ ಓಡಿಹೋದ ಹಾಗೆ ಕಂಡಿತು. ಅದನ್ನು ಖಾಲಿ ಮಾಡಿಸಿದವಳು ನೀನು. ಇದನ್ನು ಬರೆಯದೆ ಬಿಟ್ಟರೆ ನಾನೂ ನಿನಗೆ ಸುಳ್ಳು ಹೇಳಿದ ಹಾಗೆ.

ಆದರೆ ಅದಕ್ಕಿಂತ ಜಾಸ್ತಿ ಸಿಟ್ಟು ಬಂದದ್ದು ಬೇರೆ ಕಡೆ. ಬೆಳಿಗ್ಗೆ ನಂಬರು ಕೊಡುವ ಮೇಜಿನ ಮೇಲೆ ಒಂದು ಚೀಟಿ ಯಾರೂ ತೆಗೆದುಕೊಳ್ಳದೆ ಬಿದ್ದಿತ್ತು. 214, ಶಾಹೀನ್, ಜಗಳೂರು. ಓಟ ಶುರುವಾಗುವವರೆಗೆ ನಿನ್ನ ದಾರಿ ನೋಡಿದೆ. ಶುರುವಾದ ಮೇಲೂ ಎರಡು ಸಲ ತಿರುಗಿ ನೋಡಿದೆ. ಜೊತೆಗೆ ಓಡಬೇಕು ಅಂತ ಒಂದು ಮಾತು ಬರೆದಿದ್ದರೆ ಸಾಕಿತ್ತಲ್ಲೇ, ಪೆದ್ದಿ!

ದಾವಣಗೆರೆಯಲ್ಲಿ ತಿರುಗಿ ನೋಡಲಿಲ್ಲ, ನಿಜ. ನಿನ್ನ ಎಣಿಕೆ ನನಗೆ ಕೊನೇವರೆಗೂ ಕೇಳುತ್ತಲೇ ಇತ್ತು. ನೀನು ಅಷ್ಟು ಹಿಂದೆ ಬಿದ್ದಿದ್ದೆ ಅಂತ ನನಗೆ ಗೊತ್ತಾದದ್ದು ನಿನ್ನ ಈ ಪತ್ರದಿಂದ. ಹಿಂದೆ ಇದ್ದಾರೆ ಅಂತ ಗೊತ್ತಿದ್ದವರು ಯಾಕೆ ತಿರುಗಿ ನೋಡುತ್ತಾರೆ? ನೀರನ್ನೂ ನಾನು ತಿರುಗಿ ನೋಡುವುದಿಲ್ಲ.

ಪ್ರವೀಣ್ ಸರ್, ಮುಂದಿನ ವರ್ಷದ ನಲವತ್ತೆರಡಕ್ಕೆ ಹೊಸದಾಗಿ ಶುರು ಮಾಡೋಣವಾ ಅಂತ ಕೇಳಿದ್ದಾರೆ. ಗೆಳತಿಯನ್ನು ಕೇಳಿ ಹೇಳುತ್ತೇನೆ ಅಂದಿದ್ದೇನೆ. ಆದ್ದರಿಂದ ಆಗಸ್ಟಿನಲ್ಲಿ ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೇನೆ. ಕೋಚ್ ಇಟ್ಟುಕೊಳ್ಳಲಾ, ಬೇಡವಾ? ಈ ಸಲ ನಿಜ ಹೇಳು.

ಇನ್ನೊಂದು. ಬೇಸಿಗೆ ಬೆಳೆಗೆ ಜನವರಿ ಆರಕ್ಕೆ ನೀರು ಬಿಡುತ್ತಾರಂತೆ. ನಾನು ಸೊನ್ನೆಯಿಂದ ಹೊರಟು ಬರುತ್ತೇನೆ. ನೀನು ಹದಿನಾರನೇ ಕಲ್ಲಿನ ಹತ್ತಿರ ನಿಂತಿರು. ಅಲ್ಲಿಂದ ಕೊನೆ ಹತ್ತು ಕಲ್ಲು ನಿನ್ನವು. ಎಣಿಸುವುದು ನೀನು, ಕೂಗುವುದೂ ನೀನು. ಆ ಹತ್ತು ಕಲ್ಲು ನಾನು ಬಾಯಿ ಮುಚ್ಚಿಕೊಂಡು ಓಡಬೇಕು. ನಿನ್ನ 214ನ್ನು ಮೇಜಿನಿಂದ ಎತ್ತಿಕೊಂಡು ಬಂದಿದ್ದೆ, ಈ ಪತ್ರದ ಜೊತೆ ಇಟ್ಟಿದ್ದೇನೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳಾ?

ಯಶೋಧರಾ


ಜಗಳೂರು,
21 ಡಿಸೆಂಬರ್ 2024

ಯಶೋ,

ಕೋಚ್ ಇಟ್ಟುಕೋ. ತಪ್ಪಾದರೆ ಬೈಕು ಹತ್ತಿ ಬಂದು ಕಲ್ಲು ಮುಟ್ಟಿ ನೋಡುವವರು ಸುಲಭಕ್ಕೆ ಸಿಗುವುದಿಲ್ಲ. ನಾನು ಒಂದು ತಿಂಗಳು ತೆಗೆದುಕೊಂಡ ಕೆಲಸವನ್ನು ಅವರು ಒಂದೇ ದಿನದಲ್ಲಿ ಮಾಡಿದರು.

214ನ್ನು ಹಳದಿ ಚೂಡಿದಾರದ ಎದೆಗೆ ನಾಲ್ಕೂ ಕಡೆ ಹೊಲಿದಿದ್ದೇನೆ. ಅತ್ತೆ ಕೇಳಿದರು. ಸಕ್ಕರೆ ಕಾಯಿಲೆ ಅನ್ನಲಿಲ್ಲ, ನಿಜವೇ ಹೇಳಿದೆ. "ಅಷ್ಟು ದೂರ ಹೋಗ್ತೀಯಾ? ಬುತ್ತಿ ಕಟ್ಕಂಡು ಹೋಗು" ಅಂದರು. ಐದನೇ ತಾರೀಕು ಸಂಜೆಯ ಬಸ್ಸಿಗೆ ಹೊರಡುತ್ತೇನೆ.

ಇಲ್ಲಿಯವರೆಗೆ ನಾನು ಓಡಿದ್ದು ಹತ್ತು ಕಿಲೋಮೀಟರು, ಅದಕ್ಕಿಂತ ಒಂದು ಹೆಜ್ಜೆ ಜಾಸ್ತಿ ಇಲ್ಲ. ನೀನು ಹತ್ತು ಕಲ್ಲು ಅಂದಿದ್ದೀಯ. ಹತ್ತು ಕಲ್ಲು ಅಂದರೆ ಎಷ್ಟು ಅಂತ ನನಗೆ ಗೊತ್ತು.

ಬರುತ್ತೇನೆ.

ಶಾಹೀನ್